ಬೆಟ್ಟದೂರಿನ ಚರಿತ್ರೆ, ಭೂಗೋಳ ಬರೆಯುವ ಬಗೆ: ಕೊಡಗನ್ನು ಮುಂದಿಟ್ಟುಕೊಂಡು ಒಂದು ಮಾರ್ಗದರ್ಶಿ

ಕೊಡಗಿನ ಚರಿತ್ರೆ ಎಂದರೆ ಹಾಲೇರಿ ಅರಸರು, 1834, ಕಾವೇರಿ, ಕಾಫಿ ಎಂದು ನಾಲ್ಕು ಮಾತಿನಲ್ಲಿ ಮುಗಿಸುವ ರೂಢಿ ಬಿದ್ದಿದೆ. ಅರಸರ ಚರಿತ್ರೆ ಸಾಕಷ್ಟು ಸಲ ಅಚ್ಚಾಗಿದೆ. ಬರೆಯದೆ ಉಳಿದಿರುವುದು ಊರುಗಳದ್ದು: ಯಾವ ತೋಡಿನ (ಸಣ್ಣ ಹಳ್ಳದ) ನೀರು ಯಾರ ಗದ್ದೆಗೆ ಬರುತ್ತಿತ್ತು, ಯಾವ ಬಾಣೆ (ಗದ್ದೆಗೆ ಅಂಟಿದ ಕಾಡುನೆಲ) ಯಾವಾಗ ತೋಟವಾಯಿತು, ದಾರಿ ಯಾಕೆ ಆ ತಿರುವಿನಲ್ಲೇ ಕುಸಿಯುತ್ತದೆ. ಶಾಲೆಯ ಮಾಸ್ತರರು, ಕಾಲೇಜಿನ ಮಕ್ಕಳು, ನಿವೃತ್ತರಾಗಿ ಊರಿಗೆ ಮರಳಿದವರು ನಾಲ್ಕೈದು ಜನ ಸೇರಿದರೆ ಒಂದು ಮಳೆಗಾಲ, ಒಂದು ಬೇಸಗೆಯಲ್ಲಿ ಒಂದು ಊರಿನ ಕೆಲಸ ಮುಗಿಯುತ್ತದೆ. ಇಲ್ಲಿನ ಉದಾಹರಣೆಗಳೆಲ್ಲ ಕೊಡಗಿನವು. ಕ್ರಮ ಮಾತ್ರ ಮಲೆನಾಡಿನ ಯಾವ ಊರಿಗೂ ಸಲ್ಲುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಯಲುಸೀಮೆಯಲ್ಲಿ ಊರಿನ ಚರಿತ್ರೆಯನ್ನು ಗುಡಿಯಿಂದಲೋ ಕೋಟೆಯಿಂದಲೋ ಆರಂಭಿಸಿದರೆ ನಡೆಯುತ್ತದೆ. ಬೆಟ್ಟದಲ್ಲಿ ನೀರಿನಿಂದ ಆರಂಭಿಸಬೇಕು. ಮನೆ, ಗದ್ದೆ, ದಾರಿ, ಜಗಳ, ಕಂದಾಯ ಎಲ್ಲವೂ ನೀರು ಇಳಿಯುವ ದಿಕ್ಕನ್ನು ನೋಡಿಕೊಂಡೇ ಕೂತಿವೆ.

ಮೊದಲ ಹೆಜ್ಜೆ: ಎಲ್ಲೆ ಗೊತ್ತುಮಾಡಿಕೊಳ್ಳುವುದು

ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಅಷ್ಟನ್ನೂ ಹಿಡಿಯಲು ಹೊರಟವರ ಕೆಲಸ ಗೆಜೆಟಿಯರಿನ ನಕಲಾಗಿ ಮುಗಿಯುತ್ತದೆ. ಒಂದು ಕಂದಾಯ ಗ್ರಾಮ, ಇಲ್ಲವೇ ಒಂದು ತೋಡಿನ ಜಲಾನಯನ ಸಾಕು.

ಗ್ರಾಮ ಆರಿಸಿದ ಮೇಲೆ, ಅದು ಯಾವ ಯಾವ ಕಾಲದಲ್ಲಿ ಯಾವ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ದಾಖಲೆ ಹುಡುಕುವಾಗ ಇದಿಲ್ಲದೆ ದಾರಿ ತಪ್ಪುವುದು ಖಂಡಿತ. ಅರಸರ ಕಾಲಕ್ಕೆ ನಾಡು, ಕೊಂಬು ಎಂಬ ವಿಭಾಗಗಳಿದ್ದವು. ಪರಂಪರೆಯ ಲೆಕ್ಕ 12 ಕೊಂಬು, 35 ನಾಡು. ಬ್ರಿಟಿಷರ ಕಾಲದ ಕಡತಗಳಲ್ಲಿ ವಿರಾಜಪೇಟೆ ತಾಲ್ಲೂಕನ್ನು ಹುಡುಕಿದರೆ ಸಿಗದು. ಎಡೆನಾಲ್ಕುನಾಡು, ಕಿಗ್ಗಟ್ಟುನಾಡು, ಪಡಿನಾಲ್ಕುನಾಡು, ನಂಜರಾಜಪಟ್ಟಣ ಎಂಬ ಹೆಸರುಗಳಲ್ಲಿ ಹುಡುಕಬೇಕು. ಆಮೇಲೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ತಾಲ್ಲೂಕುಗಳು ಬಹುಕಾಲ ಇದ್ದವು. ಈಚೆಗೆ ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾಗಿವೆ. ಹಾಗಾಗಿ 2011ರ ಜನಗಣತಿಯ ತಾಲ್ಲೂಕು ಅಂಕಿಯನ್ನು ಇಂದಿನ ತಾಲ್ಲೂಕಿಗೆ ಹೊಂದಿಸಿದರೆ ತಪ್ಪಾಗುತ್ತದೆ. ಗ್ರಾಮವಾರು ಅಂಕಿ ತೆಗೆದುಕೊಂಡು ನೀವೇ ಕೂಡಿಸಿ.

ಇಡೀ ಪ್ರದೇಶದ ಮೇಲಾಧಿಕಾರವೂ ಬದಲಾಗಿದೆ. 1834ರ ಮೇ ತಿಂಗಳಿನಲ್ಲಿ ಕಂಪನಿ ಸರ್ಕಾರ ಹಾಲೇರಿಯ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಸೇರಿಸಿಕೊಂಡಿತು. ಆಮೇಲೆ ಚೀಫ್ ಕಮಿಷನರ ಪ್ರಾಂತ್ಯ, ಸ್ವಾತಂತ್ರ್ಯಾನಂತರ ‘ಸಿ’ ವರ್ಗದ ರಾಜ್ಯ. 1952ರಿಂದ ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಳಗೆ ಒಂದು ಜಿಲ್ಲೆ. ಪಶ್ಚಿಮದ ಅಂಚಿನವರು ಇನ್ನೊಂದನ್ನು ಮರೆಯಬಾರದು: ಅರಸರ ಕೈಯಲ್ಲಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು 1834ರಲ್ಲಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. 1837ರ ಅಮರಸುಳ್ಯದ ದಂಗೆಗೆ ಈ ವಿಂಗಡಣೆಯ ಹಿನ್ನೆಲೆ ಇದೆ. ಗೌಡರ ಮಾತಾದ ಅರೆಭಾಷೆ ಇಂದಿಗೂ ಆ ಗಡಿಯ ಎರಡೂ ಕಡೆ ಇದೆ. ಸಂಪಾಜೆ, ಪೆರಾಜೆ ಕಡೆಯ ಊರನ್ನು ಬರೆಯುವವರು ಮಡಿಕೇರಿಯ ದಾಖಲೆಯನ್ನಷ್ಟೇ ನಂಬಿ ಕೂತರೆ ಅರ್ಧ ಕಥೆ ಮಂಗಳೂರಿನ ಕಡೆ ಉಳಿದುಬಿಡುತ್ತದೆ.

ಹಾಗೆಯೇ ಬೈಲುಕುಪ್ಪೆ. ಅಲ್ಲಿನ ಟಿಬೆಟನ್ ಶಿಬಿರವನ್ನು ಪ್ರವಾಸಿ ಬರಹಗಳು ಕೊಡಗಿಗೆ ಸೇರಿಸುತ್ತವೆ. ಅದಿರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಜಿಲ್ಲೆ ಬದಲು.

ಎರಡನೆಯದು: ನೀರಿನ ನಕ್ಷೆ

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ ಬೇಕು. ಜಿಲ್ಲೆಯ ಬಹುಭಾಗ 48ಪಿ ಎಂಬ ಹಳೆಯ ಸಂಖ್ಯೆಯ ಹಾಳೆಗಳಲ್ಲಿ ಬರುತ್ತದೆ. ಪೂರ್ವದ ಅಂಚು 57ಡಿಯಲ್ಲಿ. ಒಂದೊಂದು ಹಾಳೆ 15 ನಿಮಿಷ ಅಕ್ಷಾಂಶ, 15 ನಿಮಿಷ ರೇಖಾಂಶ ಹಿಡಿಯುತ್ತದೆ. ವಿರಾಜಪೇಟೆ 48ಪಿ/16ರಲ್ಲಿದೆ, ಕುಶಾಲನಗರ 48ಪಿ/15ರಲ್ಲಿ. ಮಡಿಕೇರಿ 48ಪಿ/11ರ ಬಲ ಅಂಚಿಗೆ ಅಂಟಿಕೊಂಡಿದೆ, ಆದ್ದರಿಂದ ಮಡಿಕೇರಿಯವರು 11 ಮತ್ತು 15 ಎರಡನ್ನೂ ಜೋಡಿಸಿಕೊಳ್ಳಬೇಕು. ತಲಕಾವೇರಿಯದ್ದೂ ಅದೇ ಪಾಡು, ಎರಡು ಹಾಳೆಗಳ ಅಂಚು. ಹೊಸ ಮುಕ್ತ ಸರಣಿಯ ನಕ್ಷೆಗಳಿಗೆ ಸಂಖ್ಯೆ ಬೇರೆ. ಇಲಾಖೆಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಅವನ್ನು ಇಳಿಸಿಕೊಳ್ಳಬಹುದು.

ಈ ಅಳತೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳ ನಡುವಿನ ಎತ್ತರ 20 ಮೀಟರ್. ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಮೊದಲು ನೀಲಿ ಪೆನ್ಸಿಲಿನಲ್ಲಿ ತೋಡು, ಹೊಳೆಗಳನ್ನು ತೆಗೆಯಿರಿ. ಕಾಂಟೂರ್ ಗೆರೆಗಳು ಮೊನಚಾಗಿ ಎತ್ತರದ ಕಡೆ ಮುಖಮಾಡಿದರೆ ಅಲ್ಲಿ ಕೊಲ್ಲಿ (ಬೆಟ್ಟಗಳ ನಡುವಿನ ಕಿರುಕಣಿವೆ) ಇದೆ, ನೀಲಿ ಗೆರೆ ಇಲ್ಲದಿದ್ದರೂ ಮಳೆಗಾಲದಲ್ಲಿ ನೀರು ಹರಿಯುತ್ತದೆ. ಮೊನಚು ತಗ್ಗಿನ ಕಡೆ ಇದ್ದರೆ ಅದು ಬೆಟ್ಟದ ಏಣು. ಏಣುಗಳನ್ನು ಕಂದು ಬಣ್ಣದಲ್ಲಿ ಜೋಡಿಸುತ್ತ ಹೋದರೆ ನಿಮ್ಮ ತೋಡಿನ ನೀರು ಎಲ್ಲಿಂದ ಎಲ್ಲಿಯವರೆಗೆ ಕೂಡುತ್ತದೆ ಎಂಬ ಎಲ್ಲೆ ಸಿಗುತ್ತದೆ. ಈ ಗೆರೆ ತೋಡಿನ ಕೊನೆಯಲ್ಲಿ ಬಿಟ್ಟು ಬೇರೆಲ್ಲೂ ತೋಡನ್ನು ಅಡ್ಡ ದಾಟಬಾರದು. ದಾಟಿದೆ ಎಂದರೆ ಎಲ್ಲೋ ತಪ್ಪಿದ್ದೀರಿ.

ಇಳಿಜಾರನ್ನು ಹೀಗೆ ಲೆಕ್ಕ ಹಾಕಿ: ನಕ್ಷೆಯ ಒಂದು ಸೆಂ.ಮೀ. ಒಳಗೆ ಐದು ಅಂತರಗಳಿದ್ದರೆ 500 ಮೀಟರಿಗೆ 100 ಮೀಟರ್ ಏರು, ಅಂದರೆ ಶೇ. 20, ಸುಮಾರು 11 ಡಿಗ್ರಿ. ಹದಿನೈದು ಅಂತರಗಳಿದ್ದರೆ ಶೇ. 60, ಸುಮಾರು 31 ಡಿಗ್ರಿ. ಈ ಎರಡನೆಯ ಬಗೆಯ ಜಾಗಗಳನ್ನು ಕೆಂಪಿನಲ್ಲಿ ತುಂಬಿಡಿ, ಮುಂದೆ ಬೇಕಾಗುತ್ತದೆ. ಹಳೆಯ ಹಾಳೆಯ ಅಕ್ಷಾಂಶ, ರೇಖಾಂಶವನ್ನು ಫೋನಿನ ಜಿಪಿಎಸ್‌ಗೆ ನೇರವಾಗಿ ಹಾಕಬೇಡಿ. ಹಳೆಯ ನಕ್ಷೆ ಎವರೆಸ್ಟ್ ಆಧಾರದ್ದು, ಫೋನು ಡಬ್ಲ್ಯುಜಿಎಸ್ 84; ಇವು ಭೂಮಿಯ ಆಕಾರವನ್ನು ಹಿಡಿಯುವ ಎರಡು ಬೇರೆ ಲೆಕ್ಕಗಳು. ಗುರುತು ಸರಿದು ಕೂರುತ್ತದೆ. ಸೇತುವೆ, ಕೂಡುರಸ್ತೆಯಂಥ ಮೂರು ನಾಲ್ಕು ಖಚಿತ ಜಾಗಗಳಿಂದ ಹೊಂದಿಸಿಕೊಳ್ಳಿ.

ನಕ್ಷೆ ಮುಗಿದ ಮೇಲೆ ನಡೆಯಬೇಕು. ತೋಡಿನ ಬುಡದಿಂದ ಮೇಲಕ್ಕೆ, ಫೆಬ್ರುವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ. ಆಗ ಕೊಡಗಿನ ಊರಿನ ಅಚ್ಚು ಕಣ್ಣಿಗೆ ಬೀಳುತ್ತದೆ: ಕೊಲ್ಲಿಯ ತಳದಲ್ಲಿ ಗದ್ದೆಬಯಲು, ಅದರ ಅಂಚಿಗೆ ತುಸು ಮೇಲೆ ಮನೆ, ಮನೆಯ ಹಿಂದೆ ಏರುವ ಬಾಣೆ. ಪ್ರತಿ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬದ, ಪೂರ್ವಿಕರ ಮನೆಯಾದ ಐನ್‌ಮನೆಗೂ ತನ್ನದೇ ಕೊಲ್ಲಿ. ಬಯಲುಸೀಮೆಯಂತೆ ಮನೆಗಳೆಲ್ಲ ಒಂದೆಡೆ ಗುಂಪಾಗಿರುವ ಊರು ದಕ್ಷಿಣ ಕೊಡಗಿನಲ್ಲಿ ಅಪರೂಪ. ‘ಊರು ಎಲ್ಲಿ?’ ಎಂದು ಹೊರಗಿನವರು ಕೇಳಿದರೆ ತೋರಿಸಲು ಒಂದು ಬಸ್ ನಿಲ್ದಾಣ, ನಾಲ್ಕು ಅಂಗಡಿ ಮಾತ್ರ ಇರುತ್ತದೆ. ಊರಿನ ನಕ್ಷೆಯ ನಡುವೆ ಅಂಗಡಿಸಾಲನ್ನು ಇಟ್ಟವರು ತಪ್ಪು ಊರಿನ ನಕ್ಷೆ ಬರೆದಿರುತ್ತಾರೆ.

ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ. ಕೊಡಗೆಂದರೆ ಕಾವೇರಿ ಎಂದು ಎಲ್ಲ ನೀರನ್ನೂ ಪೂರ್ವಕ್ಕೆ ಕಳಿಸಿಬಿಡುವುದು ಸಾಮಾನ್ಯ ತಪ್ಪು. ಹಾರಂಗಿ, ಲಕ್ಷ್ಮಣತೀರ್ಥ ಕಾವೇರಿಗೆ ಸೇರುತ್ತವೆ ನಿಜ. ಆದರೆ ಬಾರಪೊಳೆ ಕೇರಳಕ್ಕೆ ಇಳಿದು ವಳಪಟ್ಟಣಂ ಹೊಳೆಯಾಗುತ್ತದೆ. ಪಯಸ್ವಿನಿ ಸುಳ್ಯದ ಮೂಲಕ ಕಾಸರಗೋಡಿಗೆ ಹೋಗಿ ಚಂದ್ರಗಿರಿ ಎನಿಸಿಕೊಳ್ಳುತ್ತದೆ. ಪುಷ್ಪಗಿರಿಯ ಕುಮಾರಧಾರೆ ನೇತ್ರಾವತಿ ಸೇರುತ್ತದೆ. ಒಂದೇ ಬೆಟ್ಟದ ಆಚೆ ಈಚೆ ಸುರಿದ ಮಳೆ ಎರಡು ಸಮುದ್ರಕ್ಕೆ ಹೋಗುವ ಜಾಗಗಳು ಇಲ್ಲಿವೆ.

ಮೂರನೆಯದು: ಮಳೆಯ ಪುಸ್ತಕ

ತೋಟದ ಮನೆಗಳಲ್ಲಿ ಚಿನ್ನದಂಥ ದಾಖಲೆಯೊಂದು ಮೂಲೆಯಲ್ಲಿ ಬಿದ್ದಿರುತ್ತದೆ: ಮಳೆ ಬರೆದಿಟ್ಟ ಪುಸ್ತಕ. ಕಾಫಿಗೆ ಹೂಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು ಎಂಬುದು ಬದುಕಿನ ಪ್ರಶ್ನೆಯಾದ್ದರಿಂದ ತಲೆಮಾರುಗಟ್ಟಲೆ ಬರೆದವರಿದ್ದಾರೆ. ಇವನ್ನು ಪುಟಪುಟವಾಗಿ ಫೋಟೋ ತೆಗೆದುಕೊಳ್ಳಿ, ಪುಸ್ತಕ ಮನೆಯವರ ಬಳಿಯೇ ಇರಲಿ.

ಓದುವಾಗ ಎರಡು ಕಡೆ ಎಚ್ಚರ ಬೇಕು. ಲೆಕ್ಕ ಇಂಚು, ಸೆಂಟಿನಲ್ಲಿ ಇರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ‘4 ಇಂಚು 35 ಸೆಂಟು’ ಎಂದರೆ 4.35 ಇಂಚು, 110.5 ಮಿ.ಮೀ. ‘4 ಇಂಚು 5 ಸೆಂಟು’ ಎಂಬುದನ್ನು 4.5 ಎಂದು ಕಂಪ್ಯೂಟರಿಗೆ ಹಾಕುವವರೇ ಹೆಚ್ಚು. ಅದು 4.05, ತಪ್ಪಿದರೆ ಒಂದೇ ದಿನಕ್ಕೆ 11 ಮಿ.ಮೀ.ಗೂ ಹೆಚ್ಚು ಏರುತ್ತದೆ. ಎರಡನೆಯದು ತಾರೀಖು. ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳೆದ ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಬರೆಯುತ್ತದೆ. ಮನೆಯವರು ಅದನ್ನು ‘ನಿನ್ನೆಯ ಮಳೆ’ ಎಂದು ಹಿಂದಿನ ತಾರೀಖಿಗೆ ಬರೆದಿರಬಹುದು. 2018ರ ಆಗಸ್ಟ್ ನಡುವಿನ ದಿನಗಳಂಥ ಸಂದರ್ಭದಲ್ಲಿ, ಕುಸಿತಕ್ಕೂ ಮಳೆಗೂ ತಾಳೆ ಹಾಕುವಾಗ, ಈ ಒಂದು ದಿನದ ವ್ಯತ್ಯಾಸ ಇಡೀ ವಾದವನ್ನೇ ಕೆಡಿಸುತ್ತದೆ. ಬರೆದವರನ್ನೇ ಕೇಳಿ, ಅವರಿಲ್ಲದಿದ್ದರೆ ಹತ್ತಿರದ ಸರ್ಕಾರಿ ಮಾಪನದ ಜೋರುಮಳೆಯ ದಿನಗಳಿಗೆ ಹೋಲಿಸಿ.

ಮಾಪಕ ಎಲ್ಲಿತ್ತು ಎಂಬುದನ್ನೂ ನೋಡಿ. ಹತ್ತಿರದ ಮರದ ಎತ್ತರದ ಎರಡರಷ್ಟು ದೂರದಲ್ಲಿರಬೇಕು. ನೆರಳುಮರದ ಕೆಳಗಿಟ್ಟದ್ದು ಕಡಿಮೆ ತೋರಿಸುತ್ತದೆ. ಅಳತೆಯ ಗ್ಲಾಸು ಒಡೆದು ಬೇರೆ ಗಾತ್ರದ ಮಾಪಕದ ಗ್ಲಾಸು ತಂದಿಟ್ಟುಕೊಂಡಿದ್ದರೆ ಆ ವರ್ಷದಿಂದ ಅಂಕಿಗಳು ಇದ್ದಕ್ಕಿದ್ದಂತೆ ಏರಿಯೋ ಇಳಿದೋ ಇರುತ್ತವೆ.

ಒಂದೇ ಮಾಪಕದ ಲೆಕ್ಕವನ್ನು ಇಡೀ ಸೀಮೆಗೆ ಹಚ್ಚಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಹೆಚ್ಚು. ಮಡಿಕೇರಿಯಿಂದ 30 ಕಿ.ಮೀ. ಪೂರ್ವಕ್ಕೆ ಕುಶಾಲನಗರದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು.

ನಾಲ್ಕನೆಯದು: ನೆಲದ ಕಾಗದ

ಇದು ಕಠಿಣವಾದ ಭಾಗ. ಹೆಚ್ಚಿನವರು ಕೈಬಿಡುವುದು ಇಲ್ಲೇ.

ಮೊದಲು ಗ್ರಾಮ ನಕ್ಷೆ, ನಂತರ ಸರ್ವೆ ನಂಬರಿನ ಪಟ್ಟಿ, ಆಮೇಲೆ ಪಹಣಿ. ಇಂದಿನ ಪಹಣಿ ಭೂಮಿ ಜಾಲತಾಣದಲ್ಲಿ ಸಿಗುತ್ತದೆ. ಅದರ ಹಿಂದಿನ ಕೈಬರಹದ ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ‘ಊರಿನ ಹಳೆಯ ದಾಖಲೆ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಗ್ರಾಮ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪುಸ್ತಕ ಎಂದು ಬಿಡಿಸಿ ಬರೆಯಿರಿ.

ಅಲ್ಲಿ ಎದುರಾಗುವ ಪದಗಳು ಕೊಡಗಿಗೇ ವಿಶಿಷ್ಟ. ಜಮ್ಮಾ ಎಂದರೆ ವಂಶಪಾರಂಪರ್ಯದ ಹಿಡುವಳಿ. ಇದರ ಕಂದಾಯ ‘ಸಾಗು’ ಎಂಬ ಸಾಮಾನ್ಯ ಹಿಡುವಳಿಯ ಕಂದಾಯದ ಅರ್ಧದಷ್ಟಿತ್ತು, ಪ್ರತಿಯಾಗಿ ಅರಸನಿಗೆ ಸೈನ್ಯಸೇವೆ ಸಲ್ಲಬೇಕಿತ್ತು. ಕೊಡವರಲ್ಲದೆ ಬೇರೆ ಕೆಲವು ಸಮುದಾಯಗಳಿಗೂ ಜಮ್ಮಾ ಇತ್ತು. ಬಾಣೆ ಎಂದರೆ ಗದ್ದೆಗೆ ಅಂಟಿಕೊಂಡು ಕೊಟ್ಟ ಕಾಡುನೆಲ, ಸೊಪ್ಪು, ಸೌದೆ, ಮೇವಿಗಾಗಿ. ಪೈಸಾರಿ ಸರ್ಕಾರದ್ದು. ಉರುಡುವೆ ಊರಿಗೆಲ್ಲ ಸೇರಿದ ಕಾಡು. ದೇವರಕಾಡು ದೇವರ ಹೆಸರಿನದು, ಜಿಲ್ಲೆಯ ಲೆಕ್ಕದಲ್ಲಿ 1,214 ಇವೆ. ಒಂದೊಂದು ಸರ್ವೆ ನಂಬರಿಗೂ ಈ ಬಗೆಯನ್ನು ಬಣ್ಣದಲ್ಲಿ ನಕ್ಷೆಗೆ ತುಂಬಿ, ಎರಡನೇ ಹೆಜ್ಜೆಯ ಟ್ರೇಸಿಂಗ್ ಹಾಳೆಯನ್ನು ಮೇಲಿಟ್ಟು ನೋಡಿ. ಗದ್ದೆಗಳು ತೋಡಿನ ಉದ್ದಕ್ಕೆ, ಬಾಣೆಗಳು ಏಣಿನವರೆಗೆ, ಪೈಸಾರಿ ಕಡಿದಾದ ಕೆಂಪು ಜಾಗಗಳಲ್ಲಿ ಕೂತಿರುವುದು ಕಾಣುತ್ತದೆ. ಹಾಗೆ ಕೂರದ ಕಡೆಗಳಲ್ಲೇ ಊರಿನ ಚರಿತ್ರೆ ಇದೆ: ಬಾಣೆಯೊಳಗೆ ಕಾಫಿ ಹಬ್ಬಿದ್ದು, ದೇವರಕಾಡು ಕಿರಿದಾದದ್ದು, ಪೈಸಾರಿಯಲ್ಲಿ ಮನೆಗಳು ಎದ್ದದ್ದು.

ಅಳತೆಯ ಪದದಲ್ಲೂ ಎಡವಬಹುದು. ಹಳೆಯ ಲೆಕ್ಕದಲ್ಲಿ ಗದ್ದೆ ‘ಭಟ್ಟಿ’ಯಲ್ಲಿರುತ್ತದೆ. ನೂರು ಭಟ್ಟಿಗೆ ಸುಮಾರು ಮೂರು ಎಕರೆ. ಭಟ್ಟಿ ಮೂಲತಃ ಧಾನ್ಯದ ಅಳತೆಯಾದ್ದರಿಂದ ಇದು ಸರಾಸರಿಯೇ ಹೊರತು ಸರಪಳಿ ಹಿಡಿದು ಅಳೆದದ್ದಲ್ಲ. ಭಟ್ಟಿಯನ್ನು ಎಕರೆ, ಸೆಂಟಿಗೆ ಇಳಿಸಿ ಇಂದಿನ ಪಹಣಿಯೊಂದಿಗೆ ತಾಳೆ ನೋಡಿ ‘ಇಷ್ಟು ಜಮೀನು ಕಳೆದುಹೋಗಿದೆ’ ಎಂಬ ತೀರ್ಮಾನಕ್ಕೆ ಬರಬೇಡಿ. ದಾಯಾದಿಗಳ ನಡುವೆ ಇಲ್ಲದ ಜಗಳ ಹುಟ್ಟುತ್ತದೆ. 1812ರ ಸುಮಾರಿಗೆ ಲಿಂಗರಾಜೇಂದ್ರ ಮಾಡಿಸಿದ ಶಿಸ್ತು, ಅಂದರೆ ಜಮೀನು ಕಂದಾಯದ ಲೆಕ್ಕಪುಸ್ತಕ, ಇವೆಲ್ಲಕ್ಕೆ ಬುನಾದಿ. ನಿಮ್ಮ ನಾಡಿನ ಶಿಸ್ತಿನ ಪ್ರತಿ ಸಿಕ್ಕಿದರೆ ಅದರ ಹೆಸರುಗಳನ್ನು ಇದ್ದ ಹಾಗೆಯೇ ನಕಲು ಮಾಡಿ, ಇಂದಿನ ಕಾಗುಣಿತಕ್ಕೆ ತಿದ್ದಬೇಡಿ.

ಐದನೆಯದು: ಕಲ್ಲುಗಳು

ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯ ಮೊದಲ ಸಂಪುಟವಾಗಿ ಹೊರತಂದರು, 1914ರಲ್ಲಿ ಅದು ಪರಿಷ್ಕೃತವಾಯಿತು. ‘ಹೊಸ ಶಾಸನ ಪತ್ತೆ’ ಎಂದು ಪತ್ರಿಕೆಗೆ ಕೊಡುವ ಮುನ್ನ ಅದನ್ನು ತಿರುವಿ ನೋಡಿ. ಎಷ್ಟೋ ‘ಹೊಸ’ ಕಲ್ಲುಗಳು ಅಲ್ಲಿವೆ.

ಕಲ್ಲನ್ನು ಉಜ್ಜಬೇಡಿ, ಎಣ್ಣೆ ಸವರಬೇಡಿ, ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ. ಸೀಮೆಸುಣ್ಣ ತುಂಬುವವರು ತಾವು ಓದಿದ್ದನ್ನೇ ತುಂಬುತ್ತಾರೆ, ಫೋಟೋದಲ್ಲಿ ಆಮೇಲೆ ಬೇರೆ ಓದಿಗೆ ಜಾಗವೇ ಇರದು. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೇಲ್ಮೈಗೆ ಬಹುತೇಕ ಸಮವಾಗಿ ಹಿಡಿದು, ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದ ಒಂದೊಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಹಗಲು ಕಾಣದ ಅಕ್ಷರ ಆಗ ಏಳುತ್ತದೆ. ಕಾಗದದ ಅಚ್ಚು ತೆಗೆಯುವುದು ತರಬೇತಿ ಇದ್ದವರ ಕೆಲಸ, ಪುರಾತತ್ವ ಇಲಾಖೆಗೆ ತಿಳಿಸಿ.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ. ಚಾಂದ್ರಮಾನ ವರ್ಷದ ಕೊನೆಯ ತಿಂಗಳುಗಳು ಮುಂದಿನ ಜನವರಿ, ಮಾರ್ಚಿಗೆ ಬೀಳುವುದರಿಂದ ಅಲ್ಲಿ 79. ಪೆಗ್ಗೂರಿನ ಗಂಗರ ಶಾಸನ ಶಕ 899ರದ್ದು. ಕೆಲವರು 977 ಎಂದೂ ಕೆಲವರು 978 ಎಂದೂ ಬರೆಯುವುದು ಇದರಿಂದಲೇ. ಸಂವತ್ಸರದ ಹೆಸರಿದ್ದರೆ ಅದರಿಂದಲೂ ತಾಳೆ ನೋಡಿ. 1987–88 ಪ್ರಭವ. ಅರವತ್ತರಂತೆ ಹಿಂದೆ ಹೋದರೆ 967–68 ಪ್ರಭವ, ಅಲ್ಲಿಂದ ಹನ್ನೊಂದನೆಯದು ಈಶ್ವರ, 977–78. ಶಾಸನದಲ್ಲಿರುವ ಹೆಸರೂ ಈಶ್ವರವೇ, ಸರಿಹೋಯಿತು. ಹೆಸರೂ ವರ್ಷವೂ ಹೊಂದದಿದ್ದರೆ ಓದಿದ್ದು ತಪ್ಪಿರಬಹುದು, ಬರೆದವನೇ ತಪ್ಪಿರಬಹುದು, ಶಾಸನವೇ ಆಮೇಲಿನದ್ದಿರಬಹುದು. ಮಡಿಕೇರಿಯ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ. ಶಕವೆಂದು ಹಿಡಿದರೆ ಕ್ರಿ.ಶ. 466. ಲಿಪಿಯನ್ನು ನೋಡಿದ ವಿದ್ವಾಂಸರು ಅದನ್ನು ಎಷ್ಟೋ ಶತಮಾನ ಈಚಿನದೆಂದು ಶಂಕಿಸಿದ್ದಾರೆ. ತಾಮ್ರದ ಮೇಲಿದೆ ಎಂದ ಮಾತ್ರಕ್ಕೆ ಮಾತು ಹಳೆಯದಾಗುವುದಿಲ್ಲ.

ಅಕ್ಷರವಿಲ್ಲದವನ್ನೂ ಗುರುತಿಸಿ. ಪಾಂಡವರ ಮನೆ ಎಂದು ಕರೆಯುವ ಕಲ್ಗೋರಿಗಳು, ವೀರಗಲ್ಲುಗಳು, ಊರೂರಿನ ನಡುವೆ ಮೈಲಿಗಟ್ಟಲೆ ಸಾಗುವ ಕಡಂಗಗಳು. ಕಡಂಗ ಎಂದರೆ ಹಳೆಯ ಯುದ್ಧದ, ಗಡಿಯ ಕಂದಕ. ತೋಟಕ್ಕೆ ಜೆಸಿಬಿ ಬಂದಾಗ ಮೊದಲು ಮುಚ್ಚಿಹೋಗುವುದು ಇವೇ, ಯಾಕೆಂದರೆ ನೋಡಲು ಬರೀ ಮಣ್ಣಿನ ದಿಬ್ಬ. ನಡೆದು ಜಿಪಿಎಸ್ ಜಾಡು ಉಳಿಸಿಕೊಳ್ಳಿ.

ಆರನೆಯದು: ಕೇಳಿ ಬರೆದುಕೊಳ್ಳುವುದು

‘ಯಾವ ವರ್ಷ?’ ಎಂದು ಕೇಳಿದರೆ ಉತ್ತರ ಸಿಗದು, ಸಿಕ್ಕರೂ ನಂಬುವಂತಿರದು. ‘ಮೈಸೂರಿಗೆ ಸೇರುವ ಮುಂಚೆಯೋ ಆಮೇಲೋ?’ ಎಂದು ಕೇಳಿ. ‘ಕಾಫಿ ಬೋರ್ಡಿಗೇ ಹಾಕಬೇಕಿದ್ದ ಕಾಲದಲ್ಲೋ?’ ಎಂದು ಕೇಳಿ. ಬೆಳೆದ ಕಾಫಿಯನ್ನೆಲ್ಲ ಬೋರ್ಡಿಗೇ ಕೊಡಬೇಕೆಂಬ ಆ ಕಡ್ಡಾಯ 1990ರ ದಶಕದಲ್ಲಿ ಹಂತಹಂತವಾಗಿ ಹೋಯಿತು. ತಿಂಗಳನ್ನು ಹಿರಿಯರು ಕಕ್ಕಡ, ತುಲಾ ಎಂದು ಸೌರಮಾನದಲ್ಲಿ ಹೇಳುತ್ತಾರೆ. ಕಕ್ಕಡ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ತುಲಾ ಸಂಕ್ರಮಣ ಅಕ್ಟೋಬರ್ 17ರ ಸುಮಾರಿಗೆ. ಪುತ್ತರಿ ಮಾತ್ರ ನಕ್ಷತ್ರ ನೋಡಿ ಬರುವ ಸುಗ್ಗಿಯ ಹಬ್ಬ, ನವೆಂಬರ್, ಡಿಸೆಂಬರಿನಲ್ಲಿ ಜಾರುತ್ತಿರುತ್ತದೆ. ‘ಪುತ್ತರಿಯ ಮರುದಿನ’ ಎಂದರೆ ಆ ವರ್ಷದ ಪಂಚಾಂಗ ಬೇಕು.

ಐನ್‌ಮನೆಗಳಲ್ಲಿ ಮಾತ್ರ ಕೇಳಿ ಬಂದರೆ ಕೆಲಸ ಅರ್ಧವೂ ಆಗಿಲ್ಲ. ಗದ್ದೆ ಉತ್ತವರು, ಕಾಡು ಕಡಿದವರು, ಕಾಫಿ ಕೊಯ್ದವರು ಬುಡಕಟ್ಟುಗಳ ಹಾಡಿಗಳಲ್ಲಿ, ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ ಇದ್ದಾರೆ. ತಮ್ಮನ್ನು ರವುಲ ಎಂದು ಕರೆದುಕೊಳ್ಳುವ ಎರವರು, ಜೇನು ಕುರುಬರು, ಬೆಟ್ಟ ಕುರುಬರು, ಕುಡಿಯರು, ಅರೆಭಾಷೆಯ ಗೌಡರು, ಮಾಪಿಳ್ಳೆಗಳು, ಇವರೆಲ್ಲರ ಬಾಯಲ್ಲಿ ಒಂದೇ ಜಾಗಕ್ಕೆ ಬೇರೆ ಬೇರೆ ಹೆಸರಿರುತ್ತದೆ. ಎಲ್ಲ ಹೆಸರುಗಳನ್ನೂ ಆಯಾ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಬರೆಯಿರಿ. ಕೊಡವರ ನುಡಿಯಾದ ಕೊಡವ ತಕ್ಕಿನಲ್ಲಿ ಕನ್ನಡ ಅಕ್ಷರಮಾಲೆಗೆ ಸಿಗದ ಸ್ವರಗಳಿವೆ, ಆದ್ದರಿಂದ ಧ್ವನಿಮುದ್ರಣವೂ ಜೊತೆಗಿರಲಿ. ಮಾತಾಡುವ ಮೊದಲು ಒಪ್ಪಿಗೆ ಕೇಳಿ. ಜಮೀನಿನ ವ್ಯಾಜ್ಯದ ವಿಷಯ ಬಂದರೆ ಯಂತ್ರ ನಿಲ್ಲಿಸಿ.

ಸ್ಥಳನಾಮದ ಕಥೆಗಳನ್ನು ಬರೆದುಕೊಳ್ಳಿ, ನಂಬುವ ಮುನ್ನ ವರ್ಷ ಹಾಕಿ ನೋಡಿ. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಮಗ ಟಿಪ್ಪು ಹುಟ್ಟಿದ ಕುಶಲವಾರ್ತೆ ಬಂತು, ಅದಕ್ಕೇ ಕುಶಾಲನಗರ ಎಂಬ ಕಥೆ ಎಲ್ಲರಿಗೂ ಗೊತ್ತು. ಟಿಪ್ಪು ಹುಟ್ಟಿದ್ದು 1750ರ ಆಸುಪಾಸು. ಹೈದರ್ ಕೊಡಗಿನ ಮೇಲೆ ಬಂದದ್ದು ಮೈಸೂರಿನ ಅಧಿಕಾರ ಹಿಡಿದ ಮೇಲೆ, 1760ರ ದಶಕದಲ್ಲಿ. ಕಥೆ ನಿಲ್ಲುವುದಿಲ್ಲ. ಹಾಗೆಂದು ಬಿಸಾಡಬೇಡಿ, ‘ಹೀಗೊಂದು ಕಥೆ ಇದೆ’ ಎಂದು ಬರೆದು ಪಕ್ಕದಲ್ಲಿ ವರ್ಷಗಳನ್ನು ಇಡಿ. ವಿರಾಜಪೇಟೆಯದ್ದಾದರೆ ನಿಲ್ಲುತ್ತದೆ, ದೊಡ್ಡವೀರರಾಜೇಂದ್ರ 1792ರಲ್ಲಿ ತನ್ನ ಹೆಸರಿನಲ್ಲಿ ಕಟ್ಟಿಸಿದ್ದು. ಅದೇ ಅರಸ ಬರೆಸಿದ ‘ರಾಜೇಂದ್ರನಾಮೆ’ 1633ರಿಂದ 1807ರವರೆಗಿನ ಮುಖ್ಯ ಆಕರ. ಅರಸನೇ ಬರೆಸಿದ್ದು ಎಂಬುದನ್ನು ಪ್ರತಿ ಪುಟದಲ್ಲೂ ನೆನಪಿಟ್ಟು ಓದಬೇಕು.

ಏಳನೆಯದು: ಕುಸಿತದ ಪದರ

2018ರ ಆಗಸ್ಟಿನ ಭೂಕುಸಿತಗಳು, 2019ರಲ್ಲಿ ತೋರ ಗ್ರಾಮದ ಕುಸಿತ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯದ್ದು ಎಲ್ಲರಿಗೂ ಗೊತ್ತು. ನಿಮ್ಮ ಊರಿನ ಸಣ್ಣ ಕುಸಿತಗಳನ್ನೂ ಇದೇ ಬಗೆಯಲ್ಲಿ ದಾಖಲಿಸಿ: ತಾರೀಖು, ಹೊತ್ತು, ಮೇಲ್ತುದಿಯ ಎತ್ತರ, ಇಳಿಜಾರು, ಅಲ್ಲಿದ್ದ ಬೆಳೆ, ಮೇಲೆ ಅಥವಾ ಕೆಳಗೆ ದಾರಿಗೆಂದೋ ಮನೆಗೆಂದೋ ಮಣ್ಣು ಕಡಿದಿದ್ದರೆ ಯಾವಾಗ, ಹಿಂದಿನ ದಿನಗಳಲ್ಲಿ ಹೊಸ ಒರತೆ ಎದ್ದಿತ್ತೇ, ಇದ್ದ ಒರತೆ ನಿಂತಿತ್ತೇ, ನೀರು ಕೆಸರಾಗಿತ್ತೇ, ನೆಲ ಬಿರುಕು ಬಿಟ್ಟಿತ್ತೇ. ಈಗ ಕೆಂಪು ಬಳಿದ ಹಾಳೆ, ಮಳೆಯ ಪುಸ್ತಕ, ಸರ್ವೆ ನಕ್ಷೆ ಮೂರನ್ನೂ ಒಟ್ಟಿಗೆ ಹರಡಿ. ಕಡಿದಾದ ಕಡೆಯೆಲ್ಲ ಕುಸಿದಿರುವುದಿಲ್ಲ. ನೀಲಿ ಗೆರೆ ಇಲ್ಲದ ಕೊಲ್ಲಿಯ ನೆತ್ತಿ, ಅದರ ಕೆಳಗೆ ಹೊಸದಾಗಿ ಕಡಿದ ಮಣ್ಣು, ಇವೆರಡೂ ಕೂಡಿದ ಜಾಗಗಳನ್ನು ಮೊದಲು ನೋಡಿ. ಸತ್ತವರ, ಮನೆ ಕಳೆದುಕೊಂಡವರ ಹೆಸರುಗಳನ್ನು ಕುಟುಂಬದ ಒಪ್ಪಿಗೆಯಿಲ್ಲದೆ ಅಚ್ಚು ಮಾಡಬೇಡಿ.

ಜೋಡಿಸುವಾಗ

ಜನಸಂಖ್ಯೆಯ ಅಂಕಿ ಹಾಕುವಾಗ ವರ್ಷದ ಜೊತೆಗೆ ಹಿನ್ನೆಲೆಯೂ ಇರಲಿ. 1901ರಲ್ಲಿ 1,80,607, 1931ರಲ್ಲಿ 1,63,327, ಅಂದರೆ ಮೂವತ್ತು ವರ್ಷದಲ್ಲಿ ಇಳಿದಿದೆ. 2001ರಿಂದ 2011ಕ್ಕೆ 5,48,561ರಿಂದ 5,54,519, ಶೇ. 1ರಷ್ಟು ಮಾತ್ರ ಏರಿಕೆ. ತೋಟದ ಕೆಲಸಕ್ಕೆ ಬಂದುಹೋಗುವವರಿರುವ ಜಿಲ್ಲೆಯಲ್ಲಿ ಗಣತಿ ಯಾವ ತಿಂಗಳಲ್ಲಿ ನಡೆಯಿತು ಎಂಬುದು ಅಂಕಿಯಷ್ಟೇ ಮುಖ್ಯ.

ಪ್ರತಿ ಸಂಗತಿಯ ಪಕ್ಕದಲ್ಲಿ ಒಂದಕ್ಷರದ ಗುರುತು ಇಡಿ: ದಾಖಲೆಯದ್ದಾದರೆ ‘ದಾ’, ಕಣ್ಣಾರೆ ಕಂಡದ್ದಾದರೆ ‘ಕ’, ಕೇಳಿದ್ದಾದರೆ ‘ಕೇ’, ಊಹೆಯಾದರೆ ‘ಊ’. ಅಚ್ಚಿನಲ್ಲೂ ತೆಗೆಯಬೇಡಿ. ಕರಡನ್ನು ಊರಿನ ಪಂಚಾಯಿತಿ ಕಟ್ಟೆಯಲ್ಲೋ ಶಾಲೆಯಲ್ಲೋ ಗಟ್ಟಿಯಾಗಿ ಓದಿಸಿ. ನಕ್ಷೆಯನ್ನು ಗೋಡೆಗೆ ಅಂಟಿಸಿ, ಪೆನ್ಸಿಲು ಕಟ್ಟಿ ತೂಗುಬಿಡಿ. ಹದಿನೈದು ದಿನದಲ್ಲಿ ಅದರ ಮೇಲೆ ಬೀಳುವ ತಿದ್ದುಪಡಿಗಳು ಅಲ್ಲಿಯವರೆಗಿನ ಎಷ್ಟೋ ಸಂದರ್ಶನಗಳಿಗಿಂತ ಹೆಚ್ಚು ಕೊಡುತ್ತವೆ. ಎರಡು ಜನ ಒಂದೇ ತೋಡಿಗೆ ಎರಡು ಹೆಸರು ಬರೆದಿದ್ದರೆ ಅಳಿಸಬೇಡಿ, ಎರಡನ್ನೂ ಬಿಡಿ. ಮುದ್ರಿತ ಪ್ರತಿಗಳಲ್ಲಿ ಒಂದು ಶಾಲೆಗೆ, ಒಂದು ಗ್ರಾಮ ಪಂಚಾಯಿತಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ. ಧ್ವನಿಮುದ್ರಣಗಳ ನಕಲು ಮಾತಾಡಿದವರ ಮನೆಗೇ ಮೊದಲು.